ಸಹಾಯ ಬೇಕು: ಅಪ್ಪನ ಪ್ರಸಂಗ ಪುಸ್ತಕಗಳನ್ನು ಬೈಂಡ್ ಮಾಡಿಸಬೇಕೋ, ಹಾಗೆಯೇ ಬಿಡಬೇಕೋ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಅಪ್ಪ ಭಾಗವತಿಕೆಗೆ, ಅಂದರೆ ಆಟದಲ್ಲಿ ಪದ್ಯ ಹಾಡುವುದಕ್ಕೆ, ಬಳಸುತ್ತಿದ್ದ ಯಕ್ಷಗಾನ ಪ್ರಸಂಗ ಪುಸ್ತಕಗಳ ವಿಷಯದಲ್ಲಿ ದಾರಿ ಕಾಣದೆ ಬರೆಯುತ್ತಿದ್ದೇನೆ.

ಹೊಲಿಗೆ ಬಿಟ್ಟಿದೆ, ಬೆನ್ನು ಕಿತ್ತಿದೆ. ಆದರೆ ಪದ್ಯಗಳ ಪಕ್ಕ, ಹಾಳೆಯ ಅಂಚಿಗೇ ತಾಗಿ ಅಪ್ಪನ ಪೆನ್ಸಿಲ್ ಬರಹವಿದೆ. ಒಂದು ಕಡೆ ಅಷ್ಟತಾಳವನ್ನು ಹೊಡೆದುಹಾಕಿ ಏಕತಾಳ ಎಂದು ಬರೆದಿದ್ದಾರೆ, ಇನ್ನೊಂದು ಕಡೆ ‘ಇಲ್ಲಿ ನಿಧಾನ’ ಎಂದಿದೆ. ಪುಟ ತಿರುವುವ ಮೂಲೆಗಳೆಲ್ಲ ಕವಳದ (ಎಲೆಯಡಿಕೆಯ) ಬೆರಳು ತಾಗಿ ಕೆಂಪಾಗಿವೆ. ನನಗೆ ಇವು ಯಾವುವೂ ಕೊಳೆ ಅನ್ನಿಸುವುದಿಲ್ಲ.

ಮಳೆಗಾಲದ ಶೀತಕ್ಕೆ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ನಿಂತು ಇನ್ನೂ ಹೆಚ್ಚಾಗುತ್ತದೆ. ಈಗ ಹತ್ತಿಬಟ್ಟೆಯಲ್ಲಿ ಸುತ್ತಿ, ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದೇನೆ, ಪರವಾಗಿಲ್ಲ. ಸೆಲ್ಲೋಟೇಪ್ ಮಾತ್ರ ಮುಟ್ಟಿಸಿಲ್ಲ. ಅದರ ಅಂಟು ವರ್ಷ ಕಳೆದಂತೆ ಹಳದಿಯಾಗಿ ಕಾಗದವನ್ನೇ ಹಾಳುಮಾಡುತ್ತದೆ.

ಪೇಟೆಯ ಬೈಂಡಿಂಗ್ ಅಂಗಡಿಯವರು ಮೂರೂ ಬದಿ ಕತ್ತರಿಸಿ ಗಟ್ಟಿ ರಟ್ಟು ಹಾಕಿಕೊಡುತ್ತೇವೆ ಎನ್ನುತ್ತಾರೆ. ಕತ್ತರಿಸಿದರೆ ಬರಹವೂ ಹೋಯಿತು! ಸ್ಕ್ಯಾನ್ ಮಾಡಿ ಮೂಲವನ್ನು ಬೀಗ ಹಾಕಿಡು ಎನ್ನುವುದು ಅಣ್ಣನ ಮಾತು. ಭಾಗವತಿಕೆ ಕಲಿಯುತ್ತಿರುವ ಮಗಳಿಗೆ ಅಜ್ಜನ ಪುಸ್ತಕ ನೋಡಿಯೇ ಹಾಡಬೇಕೆಂಬ ಹಟ. ನನ್ನ ಮನಸ್ಸೂ ಅವಳ ಕಡೆಗೇ ಇದೆ.

ಅಂಚು ಕತ್ತರಿಸದೆ, ಕೈಹೊಲಿಗೆ ಹಾಕಿ ಬೆನ್ನು ಕಟ್ಟಿಕೊಡುವವರು ಶಿರಸಿ, ಕುಮಟಾ, ಕಾರವಾರದ ಕಡೆ ಇದ್ದಾರೆಯೇ? ಮೈದಾ ಅಂಟು ಬಳಸಿದರೆ ನಮ್ಮ ಹವೆಗೆ ಹುಳ ಬೀಳುತ್ತದೆಯೇ? ಹಾಗೆ ಕಟ್ಟಿಸಿದ ಹಳೆಯ ಪುಸ್ತಕ ದಿನವೂ ತಿರುವಿದರೆ ತಾಳುತ್ತದೆಯೇ? ಮಾಡಿಸಿ ನೋಡಿದವರು ದಯವಿಟ್ಟು ತಿಳಿಸಿ.