ಕ್ರಿಯಾ ಸಂಶೋಧನೆ: ವಿಧಾನಗಳ ಪಟ್ಟಿ ಕೊಟ್ಟರೆ ವಿಧಾನಶಾಸ್ತ್ರ ಆಗುವುದಿಲ್ಲವೇ?

ಸೀಮೆಸುಣ್ಣ (ಪ್ರಶ್ನೆ):

ಏಳನೇ ತರಗತಿ, 36 ಮಕ್ಕಳು. ಛೇದ ಬೇರೆ ಬೇರೆ ಇರುವ ಭಿನ್ನರಾಶಿಗಳನ್ನು ಕೂಡಿಸುವಾಗ ಬಹಳ ಮಂದಿ 1/2 + 1/3 = 2/5 ಎಂದು ಬರೆಯುತ್ತಾರೆ. ಕಾಗದದ ಪಟ್ಟಿ ಮಡಿಸಿ ಕಲಿಸಿದರೆ ಈ ತಪ್ಪು ಹೋಗುತ್ತದೆಯೇ ಎಂಬುದು ಕ್ರಿಯಾ ಸಂಶೋಧನೆಯ ವಿಷಯ. ವಿಧಾನಶಾಸ್ತ್ರದ ಅಧ್ಯಾಯದಲ್ಲಿ ಪೂರ್ವ ಪರೀಕ್ಷೆ, ಉತ್ತರ ಪರೀಕ್ಷೆ, 20 ಹೇಳಿಕೆಗಳ ಪ್ರಶ್ನಾವಳಿ, ಸಂದರ್ಶನ, ವೀಕ್ಷಣೆ ಎಂದು ಬರೆದಿತ್ತು. ಮಾರ್ಗದರ್ಶಕರು "ಇವೆಲ್ಲ ವಿಧಾನಗಳು. ವಿಧಾನಶಾಸ್ತ್ರ ಎಲ್ಲಿ?" ಎಂದು ವಾಪಸ್ ಕೊಟ್ಟಿದ್ದಾರೆ. ಇದೇ ಉದಾಹರಣೆ ಇಟ್ಟುಕೊಂಡು ಯಾರಾದರೂ ಬಿಡಿಸಿ ಹೇಳುತ್ತೀರಾ? ನಿಯಂತ್ರಿತ ಗುಂಪು (ಹೋಲಿಕೆಗಾಗಿ ಪಟ್ಟಿ ಇಲ್ಲದೆ ಕಲಿಸುವ ಇನ್ನೊಂದು ಗುಂಪು) ಬೇಕೇ? 36 ಮಕ್ಕಳು ಸಾಕೇ? ಟಿ-ಪರೀಕ್ಷೆ (ಎರಡು ಸರಾಸರಿಗಳ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಲೆಕ್ಕ) ಹಾಕಲೇಬೇಕೇ?

ಕರಿಹಲಗೆ:

ದತ್ತಾಂಶ ಕೂಡಿಹಾಕಲು ಏನು ಮಾಡುತ್ತೀರೋ ಅದು ವಿಧಾನ. ಅದನ್ನೇ ಏಕೆ ಮಾಡುತ್ತೀರಿ, ಆ ಕ್ರಮದಲ್ಲೇ ಏಕೆ, ಬಂದ ಉತ್ತರವನ್ನು ಎಷ್ಟು ನಂಬಬಹುದು ಎಂಬ ಸಮರ್ಥನೆ ವಿಧಾನಶಾಸ್ತ್ರ. ಸಂದರ್ಶನವನ್ನು ಸಮೀಕ್ಷೆ ಮಾಡುವವರೂ ಬಳಸುತ್ತಾರೆ, ವ್ಯಕ್ತಿ ಅಧ್ಯಯನ ಮಾಡುವವರೂ ಬಳಸುತ್ತಾರೆ. ಹಾಗಾಗಿ ಅದರ ಹೆಸರು ಬರೆದಷ್ಟಕ್ಕೆ ನಿಮ್ಮದು ಯಾವ ಬಗೆಯ ಸಂಶೋಧನೆ ಎಂದು ಓದುವವರಿಗೆ ತಿಳಿಯುವುದಿಲ್ಲ.

ಕ್ರಿಯಾ ಸಂಶೋಧನೆಗೆ ಅದರದೇ ತರ್ಕವಿದೆ. 1946ರ ಲೇಖನದಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಇದನ್ನು ಸುರುಳಿಯಂತೆ ವಿವರಿಸಿದರು: ಯೋಜಿಸು, ಮಾಡು, ಆದದ್ದೇನೆಂದು ಕಂಡುಕೋ, ಅದರ ಮೇಲೆ ಮುಂದಿನ ಹೆಜ್ಜೆ ಇಡು. 1953ರಲ್ಲಿ ಅಮೆರಿಕದ ಶಿಕ್ಷಣತಜ್ಞ ಸ್ಟೀಫನ್ ಕೋರೆ ತಮ್ಮ ಪುಸ್ತಕದಲ್ಲಿ ಇದನ್ನು ಶಾಲೆಯ ಕೆಲಸಕ್ಕೆ ಅನ್ವಯಿಸಿದರು. ಇಲ್ಲಿ ಸಂಶೋಧಕರೂ ಶಿಕ್ಷಕರೂ ಒಬ್ಬರೇ. ಗುರಿ ಎಲ್ಲ ಶಾಲೆಗಳಿಗೂ ಹೊಂದುವ ನಿಯಮವಲ್ಲ, ಈ ತರಗತಿಯ ಈ ತೊಂದರೆ. ನಿಮ್ಮ ಎರಡು ಪ್ರಶ್ನೆಗಳಿಗೆ ಉತ್ತರ ಇಲ್ಲೇ ಇದೆ. ನಿಯಂತ್ರಿತ ಗುಂಪು ಬೇಡ. ಪಕ್ಕದ ವಿಭಾಗದ ಶಿಕ್ಷಕರು ಬೇರೆ, ವೇಳೆ ಬೇರೆ, ಮಕ್ಕಳ ಹಿನ್ನೆಲೆ ಬೇರೆ. ಅಂಕದಲ್ಲಿ ವ್ಯತ್ಯಾಸ ಕಂಡರೂ ಅದು ಕಾಗದದ ಪಟ್ಟಿಯಿಂದಲೇ ಬಂತೆನ್ನಲು ಆಗದು. 36 ಸಾಕೇ ಎಂಬ ಪ್ರಶ್ನೆಯೂ ಏಳುವುದಿಲ್ಲ, ಏಕೆಂದರೆ ಇಡೀ ತರಗತಿಯೇ ನಿಮ್ಮ ಅಧ್ಯಯನದ ಗುಂಪು. ದಯವಿಟ್ಟು "ಯಾದೃಚ್ಛಿಕ ಮಾದರಿ" ಎಂದು ಬರೆಯಬೇಡಿ, ನೀವು ಯಾರನ್ನೂ ಚೀಟಿ ಎತ್ತಿ ಆರಿಸಿಲ್ಲ.

ಅಧ್ಯಾಯಕ್ಕೆ ಬೇಕಾದದ್ದು ಇಂಥ ವಾಕ್ಯ: "ಎಷ್ಟು ಮಕ್ಕಳು ತಪ್ಪುತ್ತಾರೆ ಎಂಬುದನ್ನು ಪರೀಕ್ಷೆ ಹೇಳುತ್ತದೆ, ಏಕೆ ತಪ್ಪುತ್ತಾರೆ ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ಪ್ರತಿ ಬಗೆಯ ತಪ್ಪಿಗೆ ಇಬ್ಬರಂತೆ ಮಕ್ಕಳನ್ನು ಮಾತನಾಡಿಸಲಾಗಿದೆ." ಪ್ರತಿ ಸಾಧನಕ್ಕೂ ಹೀಗೊಂದು "ಆದ್ದರಿಂದ" ಬರೆಯಲು ಬಾರದಿದ್ದರೆ ಆ ಸಾಧನವನ್ನು ಕೈಬಿಡಿ.

ದತ್ತಾಂಶದ ಡಬ್ಬಿ (ಉತ್ತರ):

ಹಾಗೆ ಮೊದಲು ಬಿಡಬೇಕಾದದ್ದು ಪ್ರಶ್ನಾವಳಿ. "ಗಣಿತ ನನಗೆ ಇಷ್ಟ" ಎಂಬ ಬಗೆಯ 20 ಹೇಳಿಕೆ ಕೊಟ್ಟರೆ, ಪಾಠ ಮಾಡುವವರೇ ಎದುರಿಗೆ ನಿಂತಿರುವಾಗ ಮಕ್ಕಳು ಸಾಲಾಗಿ "ಒಪ್ಪುತ್ತೇನೆ" ಎಂದು ಗುರುತು ಹಾಕುತ್ತಾರೆ. ಛೇದದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಪರೀಕ್ಷೆಗೆ 12 ಲೆಕ್ಕ ಸಾಕು. 3 ಸಮಾನ ಛೇದದವು, 3 ಒಂದು ಛೇದ ಇನ್ನೊಂದರ ಗುಣಕವಾಗಿರುವವು (1/3 + 1/6), 4 ಛೇದಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದವು (1/2 + 1/3), ಕೊನೆಯ 2, ಲೆಕ್ಕ ಮಾಡದೆ ಅಂದಾಜಿನಿಂದಲೇ ಉತ್ತರಿಸುವವು: "1/2ಕ್ಕೆ ಏನನ್ನೋ ಕೂಡಿಸಿದರೆ 2/5 ಬರಬಹುದೇ? ಏಕೆ?" 2/5 ಅರ್ಧಕ್ಕಿಂತ ಚಿಕ್ಕದು ಎಂದು ಮಗುವಿಗೆ ಹೊಳೆದರೆ ಅರ್ಧ ಕೆಲಸ ಆದಂತೆ.

ಅಂಕ ಕೊಟ್ಟು ಸುಮ್ಮನಾಗಬೇಡಿ, ತಪ್ಪಿಗೆ ಸಂಕೇತ ಕೊಡಿ. ಅ: ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದು (2/5). ಆ: ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಸರಿಯಾಗಿ ತೆಗೆದು ಅಂಶ ಬದಲಿಸದೆ ಬಿಟ್ಟದ್ದು (2/6). ಇ: ಕ್ರಮ ಸರಿ, ಗುಣಾಕಾರ ತಪ್ಪು. ಈ: ಸರಿ (5/6). ಉ: ಬಿಟ್ಟಿದ್ದು ಅಥವಾ ಯಾವುದಕ್ಕೂ ಸೇರದ್ದು. ಅ ಮತ್ತು ಆ ಎರಡಕ್ಕೂ ಸೊನ್ನೆ ಅಂಕವೇ, ಆದರೆ ಮದ್ದು ಬೇರೆ. 'ಅ' ಸಂಕೇತದ ಮಗುವಿಗೆ ಭಿನ್ನರಾಶಿ ಒಂದೇ ಸಂಖ್ಯೆಯಾಗಿ ಕಾಣುತ್ತಿಲ್ಲ. 'ಆ' ಸಂಕೇತದ ಮಗುವಿಗೆ ಸಮಾನ ಭಿನ್ನರಾಶಿ ಗೊತ್ತಿಲ್ಲ. ಇ ಗುಂಪಿಗೆ ಪಟ್ಟಿಯಿಂದ ಹೆಚ್ಚು ಉಪಯೋಗವಿಲ್ಲ, ಮಗ್ಗಿ ಬೇಕು.

ಪಟ್ಟಿಯ ಅಳತೆಯಲ್ಲೇ ಹಲವರು ಎಡವುತ್ತಾರೆ. 12 ಸೆಂ.ಮೀ. ಪಟ್ಟಿ ತೆಗೆದುಕೊಂಡರೆ ಅರ್ಧ 6, ಮೂರನೇ ಒಂದು 4, ಕಾಲು 3, ಆರನೇ ಒಂದು 2 ಸೆಂ.ಮೀ., ಎಲ್ಲವೂ ಸ್ಕೇಲಿನ ಗೆರೆಯ ಮೇಲೇ ಬರುತ್ತವೆ. ಅದರಲ್ಲಿ ಐದನೇ ಒಂದು 2.4 ಸೆಂ.ಮೀ., ಮಡಿಕೆ ಓರೆಯಾಗುತ್ತದೆ, ಮಗು ತಪ್ಪು ಉತ್ತರವನ್ನು ಕಣ್ಣಾರೆ ನೋಡಿ ನಂಬುತ್ತದೆ. ಕಾಲು ಮತ್ತು ಐದನೆಯ ಭಾಗಗಳಿಗೆ 20 ಸೆಂ.ಮೀ. ಪಟ್ಟಿ ಇಡಿ.

ವೇಳಾಪಟ್ಟಿ ಹೀಗಿರಲಿ: ಮೊದಲ ವಾರ ಪೂರ್ವ ಪರೀಕ್ಷೆ ಮತ್ತು 6 ಮಕ್ಕಳ ಸಂದರ್ಶನ (ಅ, ಆ, ಇ ಗುಂಪಿನಿಂದ ಇಬ್ಬಿಬ್ಬರು, ತಲಾ 5–7 ನಿಮಿಷ, "ಬರೆಯುತ್ತಾ ಬಾಯಲ್ಲಿ ಹೇಳು" ಎಂದಷ್ಟೇ ಹೇಳಿ). ಎರಡು, ಮೂರನೇ ವಾರ ಪಟ್ಟಿ ಪಾಠದ ಮೊದಲ ಸುತ್ತು. ಅದರ ಕೊನೆಗೆ 4 ಲೆಕ್ಕದ ಕಿರು ಪರೀಕ್ಷೆ ಮಾಡಿ, ಪರಾಮರ್ಶಿಸಿ, ಪಾಠದಲ್ಲಿ ಒಂದೇ ಒಂದು ಸಂಗತಿ ಬದಲಿಸಿ ಎರಡನೇ ಸುತ್ತು. ಮೂರು ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂದು ನಿಮಗೇ ತಿಳಿಯುವುದಿಲ್ಲ. ಐದನೇ ವಾರದ ಕೊನೆಗೆ ಉತ್ತರ ಪರೀಕ್ಷೆ: ಅದೇ ಬಗೆಗಳು, ಬೇರೆ ಸಂಖ್ಯೆಗಳು. ಎಂಟನೇ ವಾರ ಹೇಳದೆ ಇನ್ನೊಮ್ಮೆ. ಬಹಳ ವರದಿಗಳಲ್ಲಿ ಇಲ್ಲದ್ದು ಈ ಕೊನೆಯ ಪರೀಕ್ಷೆಯೇ. ಪಾಠ ಮುಗಿದ ಮರುದಿನ ಎಲ್ಲರಿಗೂ ಬರುತ್ತದೆ.

ದಿನಚರಿಯನ್ನು ಅಂದಂದೇ ಹತ್ತು ನಿಮಿಷ ಬರೆಯಿರಿ, ಪುಟದ ಎಡಕ್ಕೆ ಕಂಡದ್ದು, ಬಲಕ್ಕೆ ಅನಿಸಿದ್ದು. ವಾರಾಂತ್ಯಕ್ಕೆ ಕೂತು ಬರೆದರೆ ಎರಡೂ ಕಲಸಿಹೋಗುತ್ತವೆ.

ಸರಾಸರಿ ಸಾಕು (ಉತ್ತರ):

ಒಂದು ಕಡೆ ನನ್ನ ಒಪ್ಪಿಗೆ ಇಲ್ಲ. ಇ ಗುಂಪಿಗೆ ಪಟ್ಟಿ ಬೇಡ ಎಂದು ಮೊದಲೇ ತೀರ್ಮಾನಿಸಬೇಡಿ, ಅದನ್ನು ದತ್ತಾಂಶ ಹೇಳಲಿ.

ಟಿ-ಪರೀಕ್ಷೆ ಕಡ್ಡಾಯವಲ್ಲ. ಹಾಕುವುದಾದರೆ ಜೋಡಿ ಟಿ-ಪರೀಕ್ಷೆ, ಏಕೆಂದರೆ ಎರಡೂ ಸಲ ಬರೆದವರು ಅದೇ ಮಕ್ಕಳು. ಸ್ವತಂತ್ರ ಗುಂಪುಗಳ ಟಿ-ಪರೀಕ್ಷೆ ಇಲ್ಲಿ ತಪ್ಪು. ಆದರೆ ಸರಾಸರಿ 4ರಿಂದ 8ಕ್ಕೆ ಏರಿತು ಎನ್ನುವುದಕ್ಕಿಂತ, ಅ ಸಂಕೇತದಲ್ಲಿದ್ದವರು ಎಲ್ಲಿಗೆ ಹೋದರು ಎಂಬ ಕೋಷ್ಟಕ ಹೆಚ್ಚು ಹೇಳುತ್ತದೆ. ಅಡ್ಡಸಾಲಿನಲ್ಲಿ ಮೊದಲಿನ ಸಂಕೇತ, ಕಂಬಸಾಲಿನಲ್ಲಿ ಕೊನೆಯದು, ಪ್ರತಿ ಮನೆಯಲ್ಲಿ ಮಕ್ಕಳ ಸಂಖ್ಯೆ. ಅ ದಿಂದ ಆ ಗೆ ಹೋದ ಮಗು ಅಂಕದಲ್ಲಿ ಸುಧಾರಿಸಿಲ್ಲ, ತಿಳಿವಳಿಕೆಯಲ್ಲಿ ಸುಧಾರಿಸಿದೆ. ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ.

ಇನ್ನೊಂದು ಬಲೆ: ಪೂರ್ವ ಪರೀಕ್ಷೆಯಲ್ಲಿ ತೀರಾ ಕಡಿಮೆ ಬಂದ 10 ಮಕ್ಕಳನ್ನಷ್ಟೇ ಆರಿಸಿ ಕಲಿಸಿ ಮತ್ತೆ ಅಳೆದರೆ, ಏನೂ ಮಾಡದಿದ್ದರೂ ಅವರ ಸರಾಸರಿ ಸ್ವಲ್ಪ ಏರುವ ಸಾಧ್ಯತೆ ಇದೆ. ಆ ದಿನ ಜ್ವರ, ನಿದ್ದೆ, ಗಾಬರಿಯಿಂದ ಕೆಳಗೆ ಬಿದ್ದವರೂ ಆ ಹತ್ತರಲ್ಲಿ ಇರುತ್ತಾರಲ್ಲ. ತರಗತಿ ಪೂರ್ತಿ ಅಳೆಯಿರಿ.

ಸೀಮೆಸುಣ್ಣ:

ಬಹಳ ಉಪಕಾರವಾಯಿತು. ಸಂಕೇತ ಕೊಡುವವರೂ ಕಲಿಸಿದವರೂ ಒಬ್ಬರೇ ಆದರೆ ಪಕ್ಷಪಾತ ಎನ್ನುವುದಿಲ್ಲವೇ? ಅನುಮತಿ ಯಾರದು ಬೇಕು?

ಕರಿಹಲಗೆ:

ಎನ್ನುತ್ತಾರೆ, ಎನ್ನಲೂ ಬೇಕು. ಉತ್ತರ ಪತ್ರಿಕೆಗಳಿಂದ ಹೆಸರು ತೆಗೆದು ವಿ1ರಿಂದ ವಿ36ರವರೆಗೆ ಸಂಖ್ಯೆ ಹಾಕಿ, ಮೊದಲಿನವು ಕೊನೆಯವು ಕಲಸಿಡಿ. 8 ಪತ್ರಿಕೆಗಳನ್ನು ಇನ್ನೊಬ್ಬ ಗಣಿತ ಶಿಕ್ಷಕರಿಗೆ ಕೊಟ್ಟು, ನಿಮ್ಮ ಸಂಕೇತ ತೋರಿಸದೆ ಅವರಿಂದ ಹಾಕಿಸಿ. ಅಂದಾಜಿನ 2 ಬಿಟ್ಟು, 8 ಪತ್ರಿಕೆಯ 10 ಸಂಕಲನಗಳಂತೆ 80 ತೀರ್ಮಾನ. ಎಷ್ಟರಲ್ಲಿ ಇಬ್ಬರೂ ಒಂದೇ ಸಂಕೇತ ಹಾಕಿದಿರಿ ಎಂದು ವರದಿಯಲ್ಲಿ ಬರೆಯಿರಿ. ಭಿನ್ನಮತ 'ಆ' ಮತ್ತು 'ಇ' ನಡುವೆಯೇ ಹೆಚ್ಚು ಬಂದರೆ ಸಂಕೇತದ ವಿವರಣೆ ತಿದ್ದಿ, ಎಲ್ಲ ಪತ್ರಿಕೆಗಳನ್ನೂ ಮತ್ತೆ ನೋಡಬೇಕು.

ಅನುಮತಿ ಮುಖ್ಯ ಶಿಕ್ಷಕರದು, ಪೋಷಕರದು ಬರವಣಿಗೆಯಲ್ಲಿ. ಮಗುವಿನ ಒಪ್ಪಿಗೆಯನ್ನೂ ಕೇಳಿ. ಈ ಪರೀಕ್ಷೆಗಳ ಅಂಕ ಪ್ರಗತಿ ಪತ್ರಕ್ಕೆ ಸೇರದು ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಪಕ್ಕದವರದನ್ನು ನೋಡಿ ಬರೆದ 5/6 ನಿಮ್ಮ ಕೋಷ್ಟಕದಲ್ಲಿ 'ಈ' (ಸರಿ) ಸಂಕೇತವಾಗಿ ಕೂರುತ್ತದೆ. ಒಪ್ಪದ ಮಗುವಿಗೂ ಪಾಠ ಅದೇ. ಅದರ ಪತ್ರಿಕೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ.