ಸಹಾಯ ಬೇಕು: ಬೋರ್‌ವೆಲ್ ನೀರಿನಲ್ಲಿ ಪಿಎಚ್ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ತಾರಸಿ ಮೇಲೆ ಮಣ್ಣಿಲ್ಲದೆ, ಪೈಪ್‌ಗಳಲ್ಲಿ ಲೆಟಿಸ್, ಪಾಲಕ್ ಬೆಳೆಯುತ್ತಿದ್ದೇನೆ. ನಮ್ಮದು ಬೋರ್‌ವೆಲ್ ನೀರು, ತುಂಬಾ ಗಡಸು. ಫಾಸ್ಫಾರಿಕ್ ಆಸಿಡ್ ಹಾಕಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 6ಕ್ಕೆ ಇಳಿಸುತ್ತೇನೆ. ಮರುದಿನ ನೋಡಿದರೆ ಮತ್ತೆ 7 ದಾಟಿರುತ್ತದೆ. ಮೀಟರ್ ಸರಿಯಾಗಿದೆ, ಪಿಎಚ್ 4 ಮತ್ತು 7 ಎಂದು ಗೊತ್ತಿರುವ ಬಫರ್ ದ್ರಾವಣದಲ್ಲಿ ಅದ್ದಿ ನೋಡಿದ್ದೇನೆ. ಆಸಿಡ್‌ನ ಪರಿಣಾಮ ಕುಗ್ಗಿಸುವ, ನೀರಿನಲ್ಲಿರುವ ಬೈಕಾರ್ಬೊನೇಟ್‌ನದೇ ಕೆಲಸ ಅನ್ನಿಸುತ್ತದೆ.

ಲೆಟಿಸ್‌ನ ಹೊಸ ಎಲೆಗಳು ಹಳದಿಯಾಗಿವೆ, ನರ ಮಾತ್ರ ಹಸಿರು. ಕಬ್ಬಿಣ ಸಿಗುತ್ತಿಲ್ಲ ಅಲ್ವಾ? ನನ್ನ ಗೊಬ್ಬರದಲ್ಲಿರುವುದು ಇಡಿಟಿಎ ಕಬ್ಬಿಣ (ಕಬ್ಬಿಣವನ್ನು ನೀರಿನಲ್ಲಿ ಕರಗಿದಂತೆ ಹಿಡಿದಿಡುವ ಇಡಿಟಿಎ ಜೊತೆ ಸೇರಿಸಿದ್ದು), ಪಿಎಚ್ ಏರಿದರೆ ಅದು ಸರಿಯಾಗಿ ಉಳಿಯುವುದಿಲ್ಲ. ಅದರ ಬದಲು, ಪಿಎಚ್ ಸ್ವಲ್ಪ ಏರಿದರೂ ಉಳಿಯುವ ಡಿಟಿಪಿಎ ಕಬ್ಬಿಣ ಬಳಸಿದವರಿದ್ದೀರಾ?

ಆರ್‌ಒ ಫಿಲ್ಟರ್‌ನಲ್ಲಿ ಲವಣ ತೆಗೆದ ನೀರು ಬೆರೆಸಬಹುದು, ಆದರೆ ಆ ಫಿಲ್ಟರ್ ಚೆಲ್ಲುವ ನೀರು ನೋಡಿದರೆ ಹೊಟ್ಟೆ ಉರಿಯುತ್ತದೆ. ಮಳೆನೀರು ಹಿಡಿದಿಟ್ಟು ಬೆರೆಸುವವರು ದಯವಿಟ್ಟು ಹೇಳಿ: ಬೋರ್‌ವೆಲ್ ನೀರಿಗೆ ಎಷ್ಟು ಪಾಲು ಸೇರಿಸುತ್ತೀರಿ? ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇರೆಯಾಗಿ ಕೊಡಬೇಕೇ?