ಸಣ್ಣ ಸೀರಿ ಅಂಗಡಿ ವೆಬ್‌ಸೈಟಿಗೆ ಶೇರ್ ಬಟನ್, ಫೇಸ್‌ಬುಕ್ ಡಬ್ಬಿ ಎಲ್ಲಾ ಹಚ್ಚಬೇಕೇನ್ರಿ? ಅನುಭವ ಇದ್ದವ್ರು ಹೇಳ್ರಿ

ಇಳಕಲ್ ಸೊಸಿ:
ನಮಸ್ಕಾರ ಎಲ್ಲಾರಿಗೂ. ನಮ್ಮನ್ಯಾಗ ಮಾವಾರ ಕಾಲದಿಂದ ಸೀರಿ ನೇಯೋದು, ಮಾರೋದು ಐತಿ, ಈಗ ಒಂದ್ ಸಣ್ಣ ವೆಬ್‌ಸೈಟ್ ಮಾಡಸಾಕತ್ತೇವಿ. ಮಾಡಿಕೊಡೋ ಹುಡುಗ ಪ್ರತಿ ಸೀರಿ ಕೆಳಗ ಫೇಸ್‌ಬುಕ್, ಎಕ್ಸ್, ಪಿಂಟರೆಸ್ಟ್, ಟೆಲಿಗ್ರಾಮ್, ವಾಟ್ಸ್ಯಾಪ್ ಅಂತ ಬಟನ್ ಸಾಲು, ಬಾಜೂಕ ನಮ್ಮ ಫೇಸ್‌ಬುಕ್ ಪೇಜಿನ ಡಬ್ಬಿ, ಕೆಳಗ ಇನ್‌ಸ್ಟಾಗ್ರಾಮ್ ಫೋಟೋ ತಾನ ಬದಲಾಗೋ ವಿಜೆಟ್ಟು, ಇಷ್ಟೂ ಹಚ್ಚತೇನಿ ಅಂತಾನ. ಹಚ್ಚಿದ್ರ ಮಂದಿ ಶೇರ್ ಮಾಡ್ತಾರ, ಧಂದೆ ಬೆಳೀತೈತಿ ಅಂತ ಅವನ ಮಾತು. ನಮ್ಮ ಯಜಮಾನ್ರು ಅಂಗಡ್ಯಾಗ ಸೀರಿ ಕಾಣಬೇಕೋ ಇವೆಲ್ಲಾ ಕಾಣಬೇಕೋ ಅಂತ ಸಿಟ್ಟ ಮಾಡ್ತಾರ. ನಮ್ಮ ಗಿರಾಕಿ ಅಂದ್ರ ಸೊಲ್ಲಾಪುರ, ಪುಣೆ, ಬೆಂಗಳೂರು ಕಡೆ ಹೆಣ್ಮಕ್ಕಳು, ಎಲ್ಲಾರೂ ಫೋನಿನ್ಯಾಗ ನೋಡೋರು. ಹಚ್ಚಿದವ್ರಿಗೆ ಖರೇನ ಉಪಯೋಗ ಆಗೇತೇನು? ತಿಳದವ್ರು ಹೇಳ್ರಿ, ನಾಳೆ ಅವನಿಗೆ ಉತ್ತರ ಕೊಡಬೇಕು.

ಟಿಳಕವಾಡಿ ಕೋಡರ್, ಬೆಳಗಾವಿ:
ಅಕ್ಕಾರ, ನಾ ಇದ ಕೆಲಸ ಮಾಡಾಂವ, ಇಲ್ಲಿ ಸಣ್ಣ ಅಂಗಡಿ, ಕ್ಲಿನಿಕ್ಕು, ಕುಂದಾ ಮಾರೋರು ಹಿಂತಾವ್ರ ಸೈಟ್ ಮಾಡತೇನಿ. ಮೊದಲ ಒಂದ್ ತಿಳ್ಕೋರಿ, ನಿಮ್ಮ ಹುಡುಗ ಒಂದ ಉಸಿರಿನ್ಯಾಗ ಎರಡ್ ಬ್ಯಾರೆ ಬ್ಯಾರೆ ಸಾಮಾನಿನ ಮಾತ ಆಡಾಕತ್ತಾನ. ಒಂದು ಸಾದಾ ಲಿಂಕು, ಒಂದ್ ಸಣ್ಣ ಚಿತ್ರ ಇರತೈತಿ, ಒತ್ತಿದ್ರ ವಾಟ್ಸ್ಯಾಪೋ ಫೇಸ್‌ಬುಕ್ಕೋ ತೆರೀತೈತಿ, ಒತ್ತೋತನಕ ಸುಮ್ನ ಇರತೈತಿ, ಭಾರಾನೂ ಇಲ್ಲ ಏನೂ ಇಲ್ಲ. ಇನ್ನೊಂದು ಆ ಕಂಪನಿಯವ್ರು ಕೊಡೋ ಕೋಡ್, ಲೈಕ್ ಬಟನ್ನು, ಪೇಜಿನ ಡಬ್ಬಿ ಎಲ್ಲಾ ಇದರಾಗ ಬರತಾವು. ಇದನ್ನ ಹಚ್ಚಿದ್ರ ನಿಮ್ಮ ಪೇಜ್ ತೆರೆದ ಕೂಡ್ಲೇ ಅವರ ಸರ್ವರ್‌ದಿಂದ ನೂರಾರು ಕೆಬಿ ಸ್ಕ್ರಿಪ್ಟ್ ಇಳ್ಯಾಕ ಚಾಲೂ ಆಗತೈತಿ, ಮತ್ತ ನೋಡೋ ಹೆಣ್ಮಗಳು ಬಟನ್ ಒತ್ತಲಿ ಬಿಡಲಿ, ಆಕಿಗೆ ಫೇಸ್‌ಬುಕ್ ಖಾತೆ ಇರಲಿ ಬಿಡಲಿ, ಆಕಿ ಯಾವ ಪೇಜ್ ನೋಡಿದ್ಲು, ಯಾವ ಐಪಿಯಿಂದ, ಅಂದ್ರ ಯಾವ ಇಂಟರ್ನೆಟ್ ವಿಳಾಸದಿಂದ ಬಂದ್ಲು ಅನ್ನೋದು ಅವರಿಗೆ ಹೋಗಿ ಮುಟ್ಟತೈತಿ. ಬಾಜೂ ಅಂಗಡಿಯವನ್ನ ಕರದು ನಿಮ್ಮ ಗಲ್ಲಾದ ಹತ್ರ ಕುಂದ್ರಿಸಿ, ಬಂದ ಗಿರಾಕಿ ಹೆಸರೆಲ್ಲಾ ಬರಕೋಪ್ಪಾ ಅಂದಂಗ.

ಲಿಂಕ್ ಬೇಕಾದ್ರ ಹಚ್ಚರಿ, ಕೋಡ್ ಬ್ಯಾಡ. ನಾ ಗಿರಾಕಿಗಳಿಗೆ ಹೇಳೋದ ಇಷ್ಟ.

ಇನ್ನ ಲೈಕ್ ಬಟನ್ ಅಂತೂ ಕೇಳಬ್ಯಾಡ್ರಿ. 2010ರ ಏಪ್ರಿಲ್‌ನ್ಯಾಗ ಫೇಸ್‌ಬುಕ್ಕಿನವ್ರು ಅದನ್ನ ಬ್ಯಾರೆ ಸೈಟಿನವ್ರಿಗೆ ಹಚ್ಚಾಕ ಕೊಟ್ರು, ಕಂಡಕಂಡವ್ರೆಲ್ಲಾ ಹಚ್ಚಿದ್ರು, ಕಡೀಕ ಫೇಸ್‌ಬುಕ್ ನಡಸೋ ಮೆಟಾ ಕಂಪನಿಯವ್ರ 2026ರ ಫೆಬ್ರವರಿ 10ಕ್ಕ ಹೊರಗಿನ ಸೈಟಿಗೆ ಲೈಕ್ ಬಟನ್ನು, ಕಾಮೆಂಟ್ ಬಟನ್ನು ಎರಡೂ ಬಂದ್ ಮಾಡಿಬಿಟ್ರು. ಹಳೇ ಕೋಡ್ ಹಂಗ ಬಿಟ್ರ ಪೇಜ್ ಏನ್ ಒಡ್ಯೋದಿಲ್ಲ, ಕಾಣದಂಗ ಆಗಿ ಕುಂದರತೈತಿ ಅಷ್ಟ. ನಿಮ್ಮ ಹುಡುಗ ಇನ್ನೂ ಅದನ್ನ ಹಚ್ಚತೇನಿ ಅಂದ್ರ ಹಳೇ ಟೆಂಪ್ಲೇಟ್ ಕಾಪಿ ಹೊಡ್ಯಾಕತ್ತಾನ ಅಂತ ತಿಳೀರಿ.

ನವನಗರ ಮಾಸ್ತರ, ಬಾಗಲಕೋಟಿ:
ಹಾ ಹಾ, ಹಳೇ ಟೆಂಪ್ಲೇಟ್ ಅಂದಿದ್ದಕ್ಕ ನೆನಪಾತು. ನಾ ಕೆಲಸ ಮಾಡೋ ಕಾಲೇಜಿನ ಸೈಟ್ ನೋಡಬೇಕ್ರಿ ನೀವು, ಅಡಿಯೊಳಗ ಐಕಾನ್‌ಗಳ ಜಾತ್ರಿ ಐತಿ. ಗೂಗಲ್ ಪ್ಲಸ್ ಇನ್ನೂ ಐತಿ, ಅದು ಮಂದಿಗೆ ಬಂದ್ ಆಗಿದ್ದು 2019ರ ಏಪ್ರಿಲ್‌ಗೆ. ಟ್ವಿಟರಿನ ನೀಲಿ ಹಕ್ಕಿ ಐತಿ, ಅದು 2023ರ ಜುಲೈದಾಗ ಹಾರಿ ಹೋತು. ಎಡಕ್ಕ ಒಂದ್ ತೇಲೋ ಪಟ್ಟಿ ಇತ್ತು, ಆಡ್‌ದಿಸ್ ಅನ್ನೋ ಕಂಪನೀದು, ಎಷ್ಟೋ ಸೈಟಿನ್ಯಾಗ ಇತ್ತು ಅದು, ಒರಾಕಲ್‌ನವ್ರು ಅದನ್ನ ಕೊಂಡು 2023ರ ಮೇ 31ಕ್ಕ ಬಾಗಿಲ ಹಾಕಿದ್ರು. ಪಟ್ಟಿ ಹೋತು, ಅದನ್ನ ಕರೆಯೋ ಕೋಡ್ ಮಾತ್ರ ಸೈಟಿನ್ಯಾಗ ಉಳದೈತಿ. ಹೇಳಿದ್ರ ಟೆಂಡರ್ ಕರದು ಮಾಡಸಬೇಕು ಮಾಸ್ತರ ಅಂತಾರ. ಹಚ್ಚೋದು ಒಂದ್ ತಾಸಿನ ಕೆಲಸ ತಂಗಿ, ಕೀಳೋರು ಯಾರು ಅನ್ನೋದನ್ನ ಮೊದಲ ಕೇಳಿಟ್ಕೋ.

ಸುದ್ದಿ ಕೆಲಸದಂವ, ವಿಜಯಪುರ:
ಎಲ್ಲಾರೂ ಬ್ಯಾಡ ಬ್ಯಾಡ ಅನ್ಲಿಕತ್ತೀರಿ, ನಾ ಸ್ವಲ್ಪ ಉಲ್ಟಾ ಹೇಳ್ತೀನಿ. ನಮ್ದು ಊರಿನ ಸುದ್ದಿ ಸೈಟ್ ಅದ. ಸುದ್ದಿ ಮುಗಿಯೋ ಜಾಗದಾಗ ಒಂದ ವಾಟ್ಸ್ಯಾಪ್ ಬಟನ್ ಇಟ್ಟೀವಿ, ಆಲಮಟ್ಟಿ ಒಳಹರಿವು ಏರಿದಾಗ, ದ್ರಾಕ್ಷಿ ತೋಟಕ್ಕ ಆಣೆಕಲ್ಲ ಮಳಿ ಬಿದ್ದಾಗ, ಅದನ್ನ ಮಂದಿ ಒತ್ತೇ ಒತ್ತತಾರ. ಯಾಕಂದ್ರ ನಮ್ಮ ಓದೋರೊಳಗ ಅರ್ಧಾ ಮಂದಿ ಫೇಸ್‌ಬುಕ್ ಆ್ಯಪಿನೊಳಗ ಲಿಂಕ್ ಒತ್ತಿ ಅಲ್ಲೇ ಓದತಾರ, ಅದರೊಳಗ ಮ್ಯಾಲಿನ ವಿಳಾಸ ಕಾಪಿ ಮಾಡೋದು ನನಗ ಸಿಗಂಗಿಲ್ಲ, ಇನ್ನ ಅರವತ್ತ ದಾಟಿದ ಕಾಕಾಗೋಳಿಗಿ ಎಲ್ಲಿ ಸಿಗ್ತದ. ಹಂಗಂತ ಎಕ್ಸು, ಟೆಲಿಗ್ರಾಮು, ಲಿಂಕ್ಡ್‌ಇನ್ನು ಎಲ್ಲಾ ಇಟ್ಟಿದ್ವಿ ಮೊದಲ, ಅವನ್ನ ಒತ್ತಿದವ್ರು ಹುಡುಕಿದ್ರೂ ಸಿಗಂಗಿಲ್ಲ. ಕಿತ್ತು ಒಗದೀವಿ.

ಆದ್ರ ಕಾಮೆಂಟಿನ ವಿಷಯದಾಗ ಹೊಟ್ಟಿ ಉರೀತದ ನೋಡ್ರಿ. ಸುದ್ದಿ ಕೆಳಗ ಫೇಸ್‌ಬುಕ್ ಕಾಮೆಂಟ್ ಪ್ಲಗಿನ್, ಅಂದ್ರ ಅವರ ಕಾಮೆಂಟ್ ಡಬ್ಬಿ ಇತ್ತು, ಮಂದಿ ಅದರೊಳಗ ಎಷ್ಟ ಛಲೋ ಮಾಹಿತಿ ಬರೀತಿದ್ರು, ಯಾವ ಹಳ್ಳ್ಯಾಗ ಎಷ್ಟ ಮಳಿ ಆತು, ಯಾವ ರಸ್ತಾ ಬಂದ್ ಅದ ಅಂತ. ಆ ಪ್ಲಗಿನ್ ಹೋದ ಮ್ಯಾಲ ನಮ್ಮ ಪೇಜಿನ ಕೆಳಗ ಬರೇ ಖಾಲಿ ಜಾಗ. ಬರದವ್ರು ನಮ್ಮ ಊರವ್ರು, ಬರದಿದ್ದು ನಮ್ಮ ಸುದ್ದಿ ಮ್ಯಾಲ, ಇಟ್ಟಿದ್ದು ಮಾತ್ರ ಬ್ಯಾರೆಯವ್ರ ಮನ್ಯಾಗ. ಸೀರಿ ಬಗ್ಗೆ ಗಿರಾಕಿಗೋಳು ಬರೆಯೋ ಅಭಿಪ್ರಾಯ ಇರ್ತಾವಲ್ಲ, ಅವನ್ನ ನಿಮ್ಮ ಸೈಟಿನೊಳಗ ಇಟ್ಕೋರಿ ಅಕ್ಕಾರ, ಬ್ಯಾರೆ ಕಂಪನಿ ಡಬ್ಬ್ಯಾಗ ಇಡಬ್ಯಾಡ್ರಿ.

ಇಳಕಲ್ ಸೊಸಿ:
ಅಯ್ಯ, ಇಷ್ಟೆಲ್ಲಾ ಐತೇನ್ರಿ ಇದರಾಗ! ಹಂಗಾದ್ರ ಎಷ್ಟ್ ಮಂದಿ ಶೇರ್ ಮಾಡ್ಯಾರ ಅಂತ ಅಂಕಿ ತೋರಿಸೋದು? ಹುಡುಗ ಅದರ್ಲಿಂದ ಗಿರಾಕಿಗೆ ನಂಬಿಕಿ ಬರತೈತಿ ಅಂದ.

ಟಿಳಕವಾಡಿ ಕೋಡರ್, ಬೆಳಗಾವಿ:
ಹತ್ತ್ ಸಾವಿರದ ಸೀರಿ ಕೆಳಗ ಸೊನ್ನಿ ಶೇರ್ ಅಂತ ಬರದಿದ್ರ ಎಂಥಾ ನಂಬಿಕಿ ಬರತೈತಿ ನೀವ ಹೇಳ್ರಿ. ಟ್ವಿಟರಿನವ್ರು ತಮ್ಮ ಬಟನ್ ಮ್ಯಾಲಿನ ಅಂಕಿ 2015ರ ನವೆಂಬರ್‌ನ್ಯಾಗ ತಗದ ಹಾಕಿದ್ರು. ಮತ್ತ ಬ್ರಿಟನ್ ಸರಕಾರದ ಗವ್ ಡಾಟ್ ಯುಕೆ ಸೈಟಿನವ್ರು 2014ರಾಗ ಶೇರ್ ಬಟನ್ ಹಚ್ಚಿ ಲೆಕ್ಕಾ ಹಾಕಿ ಹೊರಗ ಬಿಟ್ಟಿದ್ರು, ಸಾವಿರ ಸಲ ಪೇಜ್ ನೋಡಿದ್ರ ಎರಡ್ ಸಲ ಒತ್ತಿದಂಗ ಲೆಕ್ಕ ಬಂದಿತ್ತು. ಅದು ಸರಕಾರಿ ಸೈಟು, ಖರೆ, ಫಾರ್ಮ್ ತುಂಬೋ ಪೇಜ್ ಯಾರ ಶೇರ್ ಮಾಡ್ತಾರ ಅನಬೌದು. ನಿಮ್ಮ ಸೀರಿಗೆ ಜಾಸ್ತಿನ ಬರಬೌದು. ಆದ್ರ ಹೆಣ್ಮಕ್ಕಳು ಸೀರಿ ತೋರಸಬೇಕಾದ್ರ ಏನ್ ಮಾಡ್ತಾರ? ಸ್ಕ್ರೀನ್‌ಶಾಟ್ ಹೊಡದು ಅಕ್ಕಗ, ನೆಗೆಣ್ಣಿಗೆ ವಾಟ್ಸ್ಯಾಪ್ ಮಾಡ್ತಾರ. ಸ್ಕ್ರೀನ್‌ಶಾಟಿನ್ಯಾಗ ನಿಮ್ಮ ಸೈಟಿನ ಹೆಸರು, ಸೀರಿ ನಂಬರು ಫೋಟೋದ ಮ್ಯಾಲ ಸಣ್ಣಗ ಕಾಣಂಗ ಮಾಡ್ರಿ, ಯಾವ ಬಟನ್ನೂ ಕೊಡದ ಲಾಭ ಅದರಾಗ ಐತಿ.

ಗುಳೇದಗುಡ್ಡದಾಕಿ:
ಈ ಮಾತಿಗೆ ನನ್ನದೂ ಹೌದು. ನಮ್ಮದು ಖಣ ಮಾರೋ ಸೈಟು, ನಾ ತಲಿ ಕೆಡಿಸ್ಕೊಂಡಿದ್ದು ಬಟನ್‌ಗೆ ಅಲ್ಲ, ಲಿಂಕ್ ವಾಟ್ಸ್ಯಾಪಿಗೆ ಹಾಕಿದಾಗ ಬರೋ ಆ ಸಣ್ಣ ಚೌಕಕ್ಕ. ಲಿಂಕ್ ಜೋಡಿ ಒಂದ್ ಫೋಟೋ, ಹೆಸರು, ಎರಡ್ ಸಾಲು ಬರತಾವಲ್ಲ, ಅವು ತಾವ ಬರೋದಿಲ್ಲ, ಪೇಜಿನ ಕೋಡಿನ ತಲಿಯೊಳಗ ಓಪನ್ ಗ್ರಾಫ್ ಅನ್ನೋ ಟ್ಯಾಗ್ ಬರದಿಡಬೇಕು, ಪ್ರತಿ ಸೀರಿ ಪೇಜಿಗೂ ಬ್ಯಾರೆ ಬ್ಯಾರೆ. ಹಾಕದಿದ್ರ ಬರೇ ನೀಲಿ ಲಿಂಕು, ಇಲ್ಲಾ ಅಂದ್ರ ಎಲ್ಲಾ ಸೀರಿಗೂ ಅಂಗಡಿ ಲೋಗೋ ಒಂದ ಬರತೈತಿ. ಗಿರಾಕಿ ಒತ್ತೋದು ಫೋಟೋ ನೋಡೇ ಅಲ್ಲೇನ್ರಿ.

ಇದರಾಗ ಒಂದ್ ಸೂಕ್ಷ್ಮ ಐತಿ ತಂಗಿ, ಸೀರಿಯವ್ರಿಗೆ ಇದು ಭಾಳ ಮುಖ್ಯ. ಆ ಚೌಕ ಅಡ್ಡ ಇರತೈತಿ, ಫೇಸ್‌ಬುಕ್ಕಿನವ್ರು ಹೇಳೋ ಅಳತಿ 1200ಕ್ಕ 630 ಪಿಕ್ಸೆಲ್. ನಾವು ಸೀರಿ ಫೋಟೋ ತಗ್ಯೋದು ಉದ್ದಕ್ಕ. ಉದ್ದನ್ನ ಫೋಟೋ ಅಡ್ಡ ಚೌಕದಾಗ ಹಾಕಿದ್ರ ಮ್ಯಾಲೂ ಕೆಳಗೂ ಕತ್ತರಿಸಿ ನಡುವಿನ ಒಡಲ ಅಷ್ಟ ಉಳೀತೈತಿ. ತೋಪ ತೆನಿ ಸೆರಗೂ ಇಲ್ಲ, ಗೋಮಿ ದಡೀನೂ ಇಲ್ಲ, ಬರೇ ಒಂದ್ ಬಣ್ಣದ ಅರಬಿ ಕಾಣತೈತಿ, ಅದು ಇಳಕಲ್ಲೋ ಮತ್ತೊಂದೋ ಯಾರಿಗ ಗೊತ್ತಾಗಬೇಕು. ಅದಕ್ಕ ಪ್ರತಿ ಸೀರಿಗೆ ಒಂದ್ ಫೋಟೋ ಬ್ಯಾರೆನ ತಗೀರಿ, ಸೆರಗು ಅಡ್ಡ ಹಾಸಿ, ತೆನಿ ಎಡಕ್ಕ, ಒಡಲಿನ ಮಡಿಕಿ ಬಲಕ್ಕ, ಕೆಂಪು ಬಿಳಿ ಎರಡೂ ಕಾಣಂಗ. ಅದನ್ನ ಆ ಟ್ಯಾಗಿಗೆ ಕೊಡರಿ. ಫೋಟೋ ಹಗುರ ಇರಲಿ, ಕ್ಯಾಮೆರಾದಿಂದ ಬಂದ ಎಂಟ್ ಎಂಬಿದು ಹಂಗ ಹಾಕಿದ್ರ ಚೌಕ ಬರೋದ ಇಲ್ಲ. ಮಾಡಿದ ಮ್ಯಾಲ ಲಿಂಕ್ ನಿಮಗ ನೀವ ವಾಟ್ಸ್ಯಾಪ್ ಮಾಡ್ಕೊಂಡ ನೋಡ್ರಿ.

ಇನ್ನೊಂದು, ಪೇಜಿನ ವಿಳಾಸ ಕನ್ನಡದಾಗ ಇಡಾಕ ಹೋಗಬ್ಯಾಡ್ರಿ. ನನಗೂ ಕನ್ನಡದಾಗ ಇರಲಿ ಅಂತ ಆಸೆ ಇತ್ತು. ಆದ್ರ ಅದನ್ನ ಕಾಪಿ ಮಾಡಿ ಬ್ಯಾರೆ ಕಡೆ ಹಾಕಿದ್ರ ಎಷ್ಟೋ ಸಲ ಒಂದೊಂದ್ ಅಕ್ಷರಕ್ಕ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರ ಕೂಡಿ ಒಂಬತ್ತ್ ಅಕ್ಷರದ ಗೊಜಲು ಆಗತೈತಿ, ಕಾಗುಣಿತ ಇದ್ರ ಅದಕ್ಕ ಮತ್ತ ಒಂಬತ್ತು. ನಾಕ್ ಸಾಲ ಉದ್ದ ಲಿಂಕ್ ನೋಡಿ ಗಿರಾಕಿ ಇದೇನೋ ರೊಕ್ಕ ಹೊಡ್ಯೋ ಲಿಂಕ್ ಐತಿ ಅಂತ ಮುಟ್ಟೋದ ಇಲ್ಲ. ಹೆಸರು, ವಿವರ ಎಲ್ಲಾ ಕನ್ನಡದಾಗ ಇರಲಿ, ವಿಳಾಸ ಒಂದ್ ಇಂಗ್ಲಿಷ್ ಅಕ್ಷರದಾಗ ಸಣ್ಣದಿರಲಿ.

ಮಣೂಕ ವ್ಯಾಪಾರಿ, ತಿಕೋಟಾ:
ನಮ್ದು ಒಣದ್ರಾಕ್ಷಿ. ಶೇರ್ ಗೀರ್ ಏನಿಲ್ಲ, ಒಂದ ಹಸರ ಬಟನ್, ರೇಟ್ ಕೇಳ್ರಿ ಅಂತ. ಒತ್ತಿದ್ರ ಸೀದಾ ನಮ್ಮ ನಂಬರಿಗಿ ವಾಟ್ಸ್ಯಾಪ್ ತೆರೀತದ, ಒಳಗ ಯಾವ ಮಾಲು ಅನ್ನೋದು ಮೊದಲ ಬರದಿರ್ತದ. ವಾಟ್ಸ್ಯಾಪಿನವ್ರೇ ಕೊಟ್ಟಿರೋ ಸಾದಾ ಲಿಂಕ್ ಅದು. ನಂಬರಿನ ಮುಂದ 91 ಹಾಕಬೇಕು, ಕೂಡಸೋ ಚಿಹ್ನೆ, ಮೊದಲಿನ ಸೊನ್ನಿ, ನಡುವ ಜಾಗ ಏನೂ ಇರಬಾರದು. ನಂಬರ ಹಾಕದ ಬರೇ ಮಾತು ಹಾಕಿದ್ರ ಯಾರಿಗಿ ಕಳಸ್ಲಿ ಅಂತ ಗಿರಾಕಿಗಿ ಕೇಳ್ತದ, ಅದ ಶೇರ್ ಬಟನ್ ಆತು. ಎರಡೂ ಒಂದ ಜಾಗದಾಗ ಇಡಬ್ಯಾಡ್ರಿ, ಹಸರ ಕಂಡ ಕೂಡ್ಲೆ ಮಂದಿ ಯಾವುದನ್ನೋ ಒತ್ತತಾರ, ಆಮ್ಯಾಲ ಗೊಂದಲ.

ಬಾದಾಮಿ ಹೋಮ್‌ಸ್ಟೇ:
ಇನ್‌ಸ್ಟಾಗ್ರಾಮ್ ವಿಜೆಟ್ ಬಗ್ಗೆ ಯಾರೂ ಹೇಳಿಲ್ಲಲ್ಲ, ನಾ ಹೇಳತೇನಿ. ನಮ್ಮ ಸೈಟಿನ ಮದಲನೇ ಪೇಜಿನ್ಯಾಗ ಅಗಸ್ತ್ಯ ತೀರ್ಥ, ಭೂತನಾಥ ಗುಡಿ, ಮಳಿಗಾಲದ ಅಕ್ಕ ತಂಗಿ ಜಲಪಾತ ಇವುಗಳ ನಮ್ಮ ಇನ್‌ಸ್ಟಾ ಫೋಟೋ ತಾವ ಬರತಿದ್ವು, ಭಾಳ ಛಂದ ಕಾಣತಿತ್ತು. ಮೆಟಾದವ್ರು 2024ರ ಡಿಸೆಂಬರ್ 4ಕ್ಕ ಫೋಟೋ ಹಿಂಗ ತಾವ ಬರೋ ಹಳೇ ದಾರಿ ಬಂದ್ ಮಾಡಿದ್ರು, ಸಾದಾ ಖಾತೆಯವ್ರ ವಿಜೆಟ್ ಎಲ್ಲಾ ನಿಂತ್ವು, ಬಿಸಿನೆಸ್ ಖಾತೆ ಮಾಡ್ಕೊಂಡು ಹೊಸಾದಾಗಿ ಜೋಡಸ್ರಿ ಅಂದ್ರು. ರೂಮ್ ಬುಕ್ ಮಾಡೋರು ಸೈಟ್ ತೆರೆದ್ರ ಮ್ಯಾಲೇ ಒಂದ್ ಬೂದಿ ಬಣ್ಣದ ಡಬ್ಬಿ, ಒಳಗ ಎರರ್. ಈಗ ಛಲೋ ಫೋಟೋ ನಾವ ಸೈಟಿಗೆ ಏರಸಿ, ಕೆಳಗ ಇನ್ನಷ್ಟ್ ಇನ್‌ಸ್ಟಾದಾಗ ನೋಡ್ರಿ ಅಂತ ಒಂದ್ ಲಿಂಕ್ ಇಟ್ಟೇವಿ. ಟಿಕ್‌ಟಾಕ್ ನೆನಪೈತಲ್ಲ, 2020ರ ಜೂನ್ 29ಕ್ಕ ಸರಕಾರ ನಿಷೇಧ ಮಾಡ್ತು, ಅದರ ವಿಡಿಯೋ ಹಚ್ಚಿಕೊಂಡಿದ್ದ ಪೇಜೆಲ್ಲಾ ನಮ್ಮ ದೇಶದಾಗ ಬರಿದಾದ್ವು. ಯಾವ ಆ್ಯಪ್ ಎಷ್ಟ್ ದಿನ ಇರತೈತಿ ನಮ್ಮ ಕೈಯಾಗೇನೈತಿ.

ನಮ್ಮಲ್ಲಿ ಫಾರಿನ್‌ನವ್ರೂ ಬರತಾರ, ಅದಕ್ಕ ಇದನ್ನೂ ತಿಳ್ಕೊಂಡಿದ್ದೆ. ಫ್ಯಾಷನ್ ಐಡಿ ಅಂತ ಜರ್ಮನಿಯ ಅರಬಿ ಮಾರೋ ಸೈಟ್ ಒಂದು, ಅದರಾಗ ಲೈಕ್ ಬಟನ್ ಇತ್ತು, ಗ್ರಾಹಕರ ಸಂಘದವ್ರು ಕೇಸ್ ಹಾಕಿದ್ರು. ಯುರೋಪಿನ ಮ್ಯಾಲಿನ ಕೋರ್ಟು 2019ರ ಜುಲೈ 29ಕ್ಕ ಏನ್ ಹೇಳ್ತು ಅಂದ್ರ, ಬಟನ್ ಹಚ್ಚಿ ಗಿರಾಕಿ ಮಾಹಿತಿ ಫೇಸ್‌ಬುಕ್ಕಿಗೆ ಹೋಗೂವಂಗ ಮಾಡಿದ್ದಕ್ಕ ಸೈಟಿನವ್ರೂ ಜವಾಬ್ದಾರರು ಅಂತ. ನಮಗ ಗೊತ್ತಿಲ್ಲ, ಕೋಡ್ ಅವರದು ಅಂದ್ರ ನಡ್ಯೋದಿಲ್ಲ. ನೀವು ಪುಣೆ, ಬೆಂಗಳೂರಿಗೆ ಮಾರೋರು, ಇದಕ್ಕ ಹೆದರಬ್ಯಾಡ್ರಿ, ಆದ್ರ ನಮ್ಮಲ್ಲೂ 2023ರಾಗ ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾಯ್ದೆ ಆಗೇತಿ, ಅದರ ಬುನಾದಿನೂ ಒಪ್ಪಿಗಿ ಕೇಳೋದ. ಅಂಗಡಿ ತೆರ್ಯೋ ಹೊತ್ತಿನ್ಯಾಗ ಇಲ್ಲದ ಉಸಾಬರಿ ಯಾಕ.

ಇಳಕಲ್ ಸೊಸಿ:
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಕೋಡರ್ ಅಣ್ಣಾರ, ಹಂಗಾದ್ರ ಹುಡುಗಗ ಏನಂತ ಹೇಳಲಿ? ಅವನ ಭಾಷಾದಾಗ ಬರದ ಕೊಡ್ರಿ, ನಾ ಹಂಗ ಕಳಸತೇನಿ.

ಟಿಳಕವಾಡಿ ಕೋಡರ್, ಬೆಳಗಾವಿ:
ಇದನ್ನ ಕಾಪಿ ಮಾಡ್ರಿ: ತಮ್ಮಾ, ಹೊರಗಿನ ಕಂಪನೀದು ಯಾವ ಸ್ಕ್ರಿಪ್ಟೂ, ಐಫ್ರೇಮೂ ಬ್ಯಾಡ. ಸೀರಿ ಹೆಸರಿನ ಕೆಳಗ ಒಂದ ಶೇರ್ ಬಟನ್ ಇಡು, ವೆಬ್ ಶೇರ್ ಎಪಿಐದು, ಒತ್ತಿದ್ರ ಫೋನಿಂದ ಶೇರ್ ಪಟ್ಟಿ ತೆರೀಬೇಕು. ಆಂಡ್ರಾಯ್ಡ್ ಕ್ರೋಮಿನ್ಯಾಗ 2017ರಿಂದ, ಐಫೋನಿನ್ಯಾಗ 2019ರಿಂದ ನಡೀತೈತಿ, ಸೈಟ್ ಎಚ್‌ಟಿಟಿಪಿಎಸ್ ಇರಬೇಕು. ಅದು ನಡ್ಯದ ಕಡೆ, ಅಂದ್ರ ಆ್ಯಪಿನೊಳಗಿನ ಬ್ರೌಸರು, ಕೆಲವು ಕಂಪ್ಯೂಟರಿನ ಬ್ರೌಸರು, ಅಲ್ಲಿ ಸಾದಾ ವಾಟ್ಸ್ಯಾಪ್ ಲಿಂಕ್ ಕಾಣಲಿ. ಪ್ರತಿ ಸೀರಿಗೂ ಬ್ಯಾರೆ ಓಪನ್ ಗ್ರಾಫ್ ಟ್ಯಾಗ್, ಅಡ್ಡ ಫೋಟೋ. ಫೇಸ್‌ಬುಕ್, ಇನ್‌ಸ್ಟಾ ಪೇಜಿನ ಲಿಂಕ್ ಅಡಿಯೊಳಗ ಮಾತ್ರ.

ಅಂವ ಕೆಲಸ ಮುಗಿಸಿದ ಮ್ಯಾಲ ಲ್ಯಾಪ್‌ಟಾಪಿನ ಕ್ರೋಮಿನ್ಯಾಗ ಸೈಟ್ ತೆರದು ಎಫ್12 ಒತ್ತರಿ, ನೆಟ್‌ವರ್ಕ್ ಅನ್ನೋದ್ರಾಗ ಹೋಗಿ ಪೇಜ್ ಇನ್ನೊಮ್ಮೆ ಲೋಡ್ ಮಾಡಿ, ಹುಡುಕೋ ಜಾಗದಾಗ ಫೇಸ್‌ಬುಕ್ ಅಂತ ಇಂಗ್ಲಿಷಿನ್ಯಾಗ ಹೊಡೀರಿ. ಒಂದ್ ಸಾಲೂ ಬರಬಾರದು.

ಇಳಕಲ್ ಸೊಸಿ:
ಕಳಸಿದೆ. ಎಲ್ಲಾಕೂ ಹೂಂ ಅಂದಾನ, ಪಿಂಟರೆಸ್ಟ್ ಒಂದ್ ಮಾತ್ರ ಇರಲಿ ಅಕ್ಕಾ ಅಂತ ಹಟ ಹಿಡದಾನ. ಅದನ್ನ ಯಾರರೆ ಖರೇನ ಬಳಸತಾರೇನ್ರಿ?

ಗುಳೇದಗುಡ್ಡದಾಕಿ:
ಬಳಸತಾರ ತಂಗಿ. ಕಸೂತಿ, ಕುಬಸದ ಡಿಸೈನ್ ಹುಡುಕೋ ಹುಡುಗ್ಯಾರು ಅಲ್ಲೇ ಇರತಾರ, ಖಣದ ಕುಬಸದ ಫೋಟೋ ನೋಡಿ ನಮ್ಮಲ್ಲಿಗೆ ಬಂದವ್ರೂ ಅದಾರ. ಆದ್ರ ಅವರೆಲ್ಲಾ ಸೈಟಿನ ಬಟನ್ ಒತ್ತಿ ಉಳಿಸಿದ ಫೋಟೋ ನೋಡಿ ಬಂದವ್ರಲ್ಲ, ನಾವ ಅಲ್ಲಿ ಫೋಟೋ ಹಾಕಿ ಸೈಟಿನ ಲಿಂಕ್ ಕೊಟ್ಟಿದ್ವಿ. ಬಟನ್ ಹಚ್ಚೋ ಬದಲಿ ಅವನ ಕೈಲೆ ಅಲ್ಲಿ ಒಂದ್ ಖಾತೆ ತೆಗಸು.